ಮಾಮೂಲಿ

ಡಂಡೀ ಪೇಟೆ, ತೆರಿಗೆ ಕಚೇರಿ, ಹದಿನೆಂಟರ ಫೆಬ್ರವರಿ.
ನಾನು ಕೂತ ಕುರ್ಚಿ ನನ್ನದಲ್ಲ.
ಅದರ ಧಣಿ ಬಂದೂಕು ಹೊತ್ತು ಫ್ರಾನ್ಸಿಗೆ ಹೋದ,
ಮೇಜಿನಂಚಿಗೆ ಅವನ ಮೊಣಕೈ ಸವೆಸಿದ ಹೊಂಡ ಉಳಿದಿದೆ.
ನಾನು ಎಲ್ಸ್‌ಪೆತ್ ರಾಟ್ರೇ, ತಾತ್ಕಾಲಿಕ ಗುಮಾಸ್ತೆ.
ಅವನು ಬಂದರೆ ಏಳಬೇಕು.
ಬರಲಿ ಅಂತಲೇ ಅಂದುಕೊಳ್ಳುತ್ತೇನೆ, ಹೆಚ್ಚು ದಿನ.

ಹೊಸ ಕಾನೂನನ್ನು ಲಮ್‌ಗೇರ್ ಸಾಹೇಬರು
ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದರು:
ಯುದ್ಧ ಇಲ್ಲದಾಗ ನಿನ್ನ ಗಳಿಕೆ ಎಷ್ಟಿತ್ತು?
ಮೂರು ವರ್ಷದಲ್ಲಿ ಚೆನ್ನಾಗಿದ್ದ ಎರಡನ್ನು ನೀನೇ ಆರಿಸಿಕೋ,
ಸರಾಸರಿ ತೆಗೆ. ಅದು ನಿನ್ನ ಮಾಮೂಲಿ.
ಅದರ ಮೇಲೆ ಬಂದದ್ದು ನೀನು ದುಡಿದದ್ದಲ್ಲ,
ಯುದ್ಧ ದುಡಿದದ್ದು.
ಅದರಲ್ಲಿ ನೂರಕ್ಕೆ ಎಂಬತ್ತು ಇಲ್ಲಿಡು.

ಪಿಟ್‌ಕೆತ್ಲಿ ಅಂಡ್ ಸನ್ಸ್, ಸೆಣಬಿನ ಗಿರಣಿ.
ಮಾಮೂಲಿ, ಹನ್ನೊಂದು ಸಾವಿರ ಪೌಂಡು.
ಕಳೆದ ವರ್ಷ, ಎಪ್ಪತ್ತೊಂದು.
ಅದೇ ಮಗ್ಗ, ಅದೇ ಚೀಲ, ತಿಮಿಂಗಿಲದೆಣ್ಣೆಯ ಅದೇ ನಾತ;
ಮುಂಚೆ ಒಳಗೆ ಗೋಧಿ ಇರುತ್ತಿತ್ತು, ಈಗ ಮಣ್ಣು.
ನಾರು ಬಂಗಾಳದ್ದು. ಅದನ್ನು ಕೊಳೆನೀರಲ್ಲಿ ನಿಂತು ಸುಲಿದವರಿಗೆ
ಎಷ್ಟು ಸಿಕ್ಕಿತೋ, ಆ ಲೆಕ್ಕಕ್ಕೆ ಈ ಕಡತದಲ್ಲಿ ಕಾಲಮ್ಮಿಲ್ಲ.

ಪಿಟ್‌ಕೆತ್ಲಿ ತಾನೇ ಬಂದ, ತುಪ್ಪಳದ ಕಾಲರು.
ಹದಿನೇಳರ ಹುಡುಗ ಡೈರೆಕ್ಟರಂತೆ, ಅವನಿಗೆ ಸಾವಿರದ ಸಂಬಳ.
ಬಾಯ್ಲರು ರಿಪೇರಿ ಅಂತ ಬರೆದದ್ದು
ಸಮುದ್ರದಂಡೆಯ ಬಂಗಲೆಯಲ್ಲಿ ದ್ರಾಕ್ಷಿಗೆ ಕಟ್ಟಿಸಿದ ಗಾಜಿನ ಮನೆ.
ಉರಿವ ಮನೆಯ ಗಳ ಹಿರಿದವರು
ಗಳದ ಸವಕಳಿಗೂ ವಿನಾಯಿತಿ ಕೇಳುತ್ತಾರೆ.
"ಕಷ್ಟಕಾಲದಲ್ಲಿ ದೇಶಕ್ಕೆ ಚೀಲ ಕೊಟ್ಟವನು ನಾನು" ಎಂದ.
"ಕೊಟ್ಟಿರಾ?" ಕನ್ನಡಕ ಒರೆಸುತ್ತ ಲಮ್‌ಗೇರ್,
"ನಾನು ರಸೀತಿ ನೋಡಿದೆ. ಮಾರಿದ್ದೀರಿ."

ನನಗೆ ನಗು ಬಂತು. ಕೆಮ್ಮಿದೆ.

ರಾತ್ರಿ ಅಮ್ಮ ಒಲೆಯ ಬೆಳಕಲ್ಲಿ ಚೀಲ ಹೊಲಿಯುತ್ತಾಳೆ,
ಪಿಟ್‌ಕೆತ್ಲಿಯವೇ, ಇಪ್ಪತ್ತೈದಕ್ಕೆ ಐದು ಪೆನ್ನಿ.
ಯುದ್ಧಕ್ಕೆ ಮುಂಚೆಯೂ ಐದೇ.
ಬ್ರೆಡ್ಡಿನ ಬೆಲೆ ಎಲ್ಲೋ ಹೋಯಿತು, ಅವಳ ಬೆಲೆ ಕದಲಲಿಲ್ಲ;
ಅವಳ ಕಡೆ ಹೆಚ್ಚುವರಿ ಅಂದರೆ ಬೆರಳ ದಡ್ಡು ಮಾತ್ರ.

ಕಾನೂನಿನ ಹಿಂದಿನ ಪುಟದಲ್ಲಿ ಇನ್ನೊಂದು ಮಾತಿದೆ,
ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ:
ಮುಂದೊಂದು ವರ್ಷ ಲಾಭ ಮಾಮೂಲಿಗಿಂತ ಇಳಿದರೆ
ಕಟ್ಟಿದ ತೆರಿಗೆಯಿಂದ ಸರ್ಕಾರ ಆ ಕೊರತೆ ತುಂಬಿಕೊಡುತ್ತದೆ.
ಎರಡು ಸಲ ಓದಿದೆ.
ನಮ್ಮ ಮಾಮೂಲಿ: ಮೇಜಿಗೆ ನಾಲ್ಕು ತಟ್ಟೆ,
ಶನಿವಾರ ವಾಟಿಯ ಪಿಟೀಲು, ಅಪ್ಪನ ಬೈಗುಳ.
ವಾಟಿ ಲೂಸ್ ಎಂಬಲ್ಲಿ ಮಣ್ಣಿನ ಚೀಲದ ಗೋಡೆ ಹತ್ತಿ
ಆಚೆಗಿಳಿದವನು.
ಅಪ್ಪ ಆಮೇಲೆ ಬೈಯುವುದನ್ನೇ ಬಿಟ್ಟ, ಆಮೇಲೆ ಉಣ್ಣುವುದನ್ನು.
ಚೆನ್ನಾಗಿದ್ದ ಎರಡು ವರ್ಷ ನಾನೂ ಆರಿಸಬಲ್ಲೆ.
ಅರ್ಜಿ ಯಾವ ನಮೂನೆಯಲ್ಲಿ, ಯಾವ ಕಿಟಕಿಗೆ?

ಕಡತದ ತಳದಲ್ಲಿ ಮಾದರಿ ಚೀಲವೊಂದಿತ್ತು,
ಖರ್ಚು ಇಷ್ಟೆಂದು ತೋರಿಸಲು ಕಂಪನಿಯೇ ಲಗತ್ತಿಸಿದ್ದು.
ಸುಮ್ಮನೆ ಒಳಮೈ ಹೊರಗೆ ಮಾಡಿದೆ.
ಹೊಲಿಗೆಯ ಕೊನೆಯ ಗಂಟು ಎಡಕ್ಕೆ ತಿರುಗಿತ್ತು.
ಅಮ್ಮ ಎಡಗೈಯವಳು.

ಪೆನ್ನು ಒಣಗಿತ್ತು, ಮತ್ತೆ ಅದ್ದಿದೆ.
ಅರವತ್ತು ಸಾವಿರಕ್ಕೆ ನಲವತ್ತೆಂಟು ಎಂದು ಬರೆದೆ.
ಹನ್ನೆರಡು ಅವನಿಗೇ ಉಳಿಯಿತು, ಹನ್ನೊಂದರ ಮೇಲೆ;
ಎರಡರಷ್ಟಕ್ಕೂ ಮಿಗಿಲು. ಕಾನೂನಿಗೆ ಕರುಣೆ ಇದೆ.
ದ್ರಾಕ್ಷಿಯ ಗಾಜಿಗೆ ಅಡ್ಡಗೆರೆ ಎಳೆದಾಗ
ಸ್ವಲ್ಪ ಒತ್ತಿ ಎಳೆದೆ, ಕಾಗದ ಹರಿಯಿತು.
ಲಮ್‌ಗೇರ್ ನೋಡಿದರು, ಏನೂ ಅನ್ನಲಿಲ್ಲ.

ಚೀಲವನ್ನು ಮತ್ತೆ ಕಡತಕ್ಕೆ ಕಟ್ಟಬೇಕಿತ್ತು.
ಕೋಟಿನೊಳಗೆ ಮಡಚಿಕೊಂಡು ಮನೆಗೆ ನಡೆದೆ.