ಕೊಳ್ಳಲು ಬಂದ ಹುಡುಗನಿಗೆ

ಬಾ, ಕೂತುಕೋ ಅಡಿಲ್ಸನ್, ಮೊದಲು ಉಸಿರು ತಗೋ.
ನಾಲ್ಕನೇ ಮಹಡಿ, ಲಿಫ್ಟಿಲ್ಲ, ಗೊತ್ತು ನನಗೆ.
ಎಂಬತ್ತೊಂದು ಮೆಟ್ಟಿಲು. ಹನ್ನೊಂದು ವರ್ಷ
ಇದನ್ನು ಹೆಗಲಿಗೆ ಹಾಕಿಕೊಂಡು ಎಣಿಸಿದವಳು ನಾನು,
ಲೆಕ್ಕ ತಪ್ಪಿಲ್ಲ.

ಮೊದಲ ದೂರು ಅದೇ ಅಂದುಕೋ.
ಬೀದಿಯಲ್ಲಿ ಕಟ್ಟಬೇಕಿಲ್ಲ, ಮನೆಯೊಳಗೆ ತರಬಹುದು ಅಂತಾರಲ್ಲ,
ತರಬಹುದು ಅಂದರೆ
ತರಲೇಬೇಕು ಅಂತ ಅರ್ಥ.
ಹನ್ನೆರಡೇ ಕಿಲೋ ಅಂದಿದ್ದ ಅಂಗಡಿಯವನು.
ಎರಡನೇ ಮಹಡಿಯ ತನಕ ಅವನ ಮಾತು ನಿಜ,
ಆಮೇಲೆ ಇದು ತೋಳಲ್ಲೇ ನಿದ್ದೆಹೋದ ಮಗುವಿನ ತೂಕ.

ಮಡಚಿದರೆ ಇಷ್ಟೇ ನೋಡು,
ಇಸ್ತ್ರಿ ಮೇಜಿನಡಿ ಮಲಗುತ್ತದೆ, ಬೊಗಳದ ನಾಯಿ.
ಬಾರೇರೊದಿಂದ ಬೆಳಗಿನ ಆರೂ ಇಪ್ಪತ್ತರ ದೋಣಿಯಲ್ಲಿ
ಕಾವಲಿನವನಿಗೂ ನನಗೂ ಒಂದು ಒಪ್ಪಂದ:
ಬಿಚ್ಚಿದ್ದರೆ ವಾಹನ, ಮಡಚಿದ್ದರೆ ಸಾಮಾನು.
ನದಿ ದಾಟುವಷ್ಟು ಹೊತ್ತು ಸಾಮಾನು,
ಆಚೆ ದಡ ಮುಟ್ಟಿದರೆ ಕುದುರೆ.
ಹೋಟೆಲಿನ ಮಾಣಿಗಳ ಕಿತ್ತುಹೋದ ಗುಂಡಿ ಹೊಲಿಯಲು
ಏಳು ಗಂಟೆಗೆ ನಾನು ಸೂಜಿಗೆ ದಾರ ಪೋಣಿಸುತ್ತಿರುತ್ತಿದ್ದೆ,
ಬಸ್ಸಿಗೆ ಕಾಯುವವರು ಇನ್ನೂ ಬಸ್ಸಿಗೆ ಕಾಯುತ್ತಿರುತ್ತಿದ್ದರು.

ಆದರೆ ಚಕ್ರ ಚಿಕ್ಕದು ಮಾರಾಯ, ಬಲು ಚಿಕ್ಕದು.
ಕಲ್ಲುಹಾಸಿನ ಬೀದಿಗಿಳಿದರೆ
ಬಾಯಲ್ಲಿ ಹಲ್ಲೆಷ್ಟು ಅಂತ ಬಲ್ಲೆ ನಾನು.
ಟ್ರಾಮಿನ ಹಳಿಯನ್ನು ಎಂದೂ ನಂಬಬೇಡ, ಅಡ್ಡಲಾಗಿ ದಾಟು.
ಒಂದು ಸಲ ಕಾಂಪು ದಿ ಓರಿಕ್‌ನಲ್ಲಿ
ಹಳಿ ಚಕ್ರವನ್ನು ನುಂಗಿತು, ನಾನು ಮೀನಂಗಡಿಯ ಬುಟ್ಟಿಯೊಳಗೆ.
ಮೂರು ದಿನ ಬೆಕ್ಕುಗಳು ಹಿಂದೆ ಬಿದ್ದವು.
ಟ್ಯೂಬು ಎಲ್ಲೆಂದರಲ್ಲಿ ಸಿಗದು.
ಸೆರಫಿಂ ಮುದುಕ ತನ್ನ ಮೊಮ್ಮಗಳ ಸೈಕಲ್ಲಿನದು ಬಿಚ್ಚಿ ಹಾಕಿಕೊಟ್ಟ,
ಆ ಹುಡುಗಿ ಇಂದಿಗೂ ನನ್ನ ಮುಖ ನೋಡುವುದಿಲ್ಲ.
ಶಾಲೆಯ ಮಕ್ಕಳು ನಗುತ್ತಾರೆ, ನಗಲಿ.
ನನ್ನ ಗಾತ್ರ ನೋಡು, ಇದರ ಗಾತ್ರ ನೋಡು,
ಸರ್ಕಸ್ಸಿನ ಕರಡಿ ನೆನಪಾಗದೆ ಇನ್ನೇನು?

ನೀನು ಬರೀ ಕೇಳುತ್ತಿದ್ದೀಯ.
ಇಷ್ಟೆಲ್ಲ ಇದ್ದೂ ಯಾಕೆ ಇಟ್ಟುಕೊಂಡಿದ್ದೆ ಅಂತ ಕೇಳಬಾರದೇ?

ಪಲ್ಮೆಲಾದಲ್ಲಿ ನನ್ನ ತಂಗಿ ಲುಸಿಂಡಾಳ ಮನೆ, ಗುಡ್ಡದ ನೆತ್ತಿಗೆ.
ಒಂದು ರಾತ್ರಿ ಊಟದ ಮೇಜಿನಲ್ಲಿ
ಅವಳ ಗಂಡ ಒಂದು ಮಾತಂದ.
ಏನೆಂದು ಬೇಡ ಬಿಡು,
ಎಲ್ಲರೂ ತಟ್ಟೆ ನೋಡಿಕೊಂಡರು, ಅವಳೂ.
ಕೊನೆಯ ಬಸ್ಸು ಹೋಗಿ ಗಂಟೆಯಾಗಿತ್ತು.
ಬಿಟ್ಟುಬರುತ್ತೇನೆ ಅಂತ ಅವನೇ ಕಾರಿನ ಕೀಲಿ ತಿರುಗಿಸುತ್ತಿದ್ದ, ಬೆರಳಲ್ಲಿ.
ನಾನು ಎದ್ದು ಪಡಸಾಲೆಗೆ ಬಂದೆ.
ಟಕ್, ಕಂಬ. ಟಕ್, ಕೀಲು. ಟಕ್, ಸೀಟು.
ಕಾಫಿ ಮೇಜಿಗೆ ಬರುವ ಮೊದಲೇ
ನಾನು ಇಳಿಜಾರಿನಲ್ಲಿದ್ದೆ,
ಬ್ರೇಕು ಹಿಡಿಯದೆ, ಕತ್ತಲೆಯ ದ್ರಾಕ್ಷಿತೋಟಗಳ ನಡುವೆ
ಪಿನ್ಯಾಲ್ ನೋವೊದ ರೈಲು ದೀಪ ಕಾಣುವ ತನಕ.

ಎಂಬತ್ತು ಯೂರೋ ಅಂದೆನಲ್ಲ,
ಆ ರಾತ್ರಿ ಅದರಲ್ಲಿ ಸೇರಿಲ್ಲ.
ಅದು ನನ್ನ ಹತ್ತಿರವೇ ಇರುತ್ತದೆ.

ಮಾರುವುದು ಯಾಕೆಂದರೆ ನಗಬೇಡ,
ಸೈಕಲ್ಲು ಮಡಚುತ್ತದೆ, ನನ್ನ ಮಂಡಿ ಮಡಚುವುದಿಲ್ಲ.

ಎಲ್ಲಿ, ನೀನೇ ಒಮ್ಮೆ ಮಡಚು.
ಮೊದಲು ಪೆಡಲು, ಹಾಗೆ. ಈಗ ನಡುಕೀಲು.
ಕೈ ಅಲ್ಲಿಡಬೇಡ, ಅಲ್ಲಿ...

ಅಯ್ಯೋ.
ಹೇಳುವಷ್ಟರಲ್ಲಿ ಆಯಿತಲ್ಲ.
ತಾ ಇಲ್ಲಿ, ನಲ್ಲಿಯ ಕೆಳಗೆ ಹಿಡಿ.
ಎಡಗೈ, ನಡುಬೆರಳು, ಉಗುರಿನ ಬುಡ.
ನೋಡು ನನ್ನದು,
ಅದೇ ಬೆರಳು, ಅದೇ ಜಾಗ, ಬಿಳಿ ಗೆರೆ.
ಒಡೆಯ ಯಾರೆಂದು ಇದು ರುಚಿ ನೋಡಿಯೇ ತಿಳಿಯುತ್ತದೆ.

ಎಪ್ಪತ್ತು ಕೊಡು ಸಾಕು, ಹತ್ತು ಬೆರಳಿಗಾಯಿತು.
ಎತ್ತಿಕೋ. ಬಲ ಹೆಗಲು, ಸರಪಳಿ ಹೊರಗೆ.
ನಾನು ಕೆಳಗೆ ಬರಲಾರೆ,
ಬಾಗಿಲು ತೆರೆದಿಟ್ಟು ಇಲ್ಲೇ ನಿಂತಿರುತ್ತೇನೆ.
ನಿನ್ನ ಹೆಜ್ಜೆ ಎಣಿಸುತ್ತೇನೆ.
ಎಂಬತ್ತೊಂದು ಕೇಳದಿದ್ದರೆ
ಕೂಗುತ್ತೇನೆ.