ಒಂದೂವರೆ ಗೇಣು

ಶಿರಿಯ ಅಳಿವೆ. ಬೆಳಗಿನ ಆರೂಕಾಲು.
ಹಾಯಿದೋಣಿ ನೀರು ಬಿಟ್ಟು ಮೇಲಿರಬೇಕಾದ್ದು
ಒಂದೂವರೆ ಗೇಣು, ಅಷ್ಟೆ.
ಹೆಚ್ಚಾದರೆ ಅಡಿಯ ರೆಕ್ಕೆ ಗಾಳಿ ಕುಡಿದು ಕುಸಿಯುತ್ತದೆ,
ಕಡಿಮೆಯಾದರೆ ಬರೀ ದೋಣಿ.

ಊಟದ ಡಬ್ಬಿಯೊಳಗೆ ನನ್ನ ಸರ್ಕ್ಯೂಟು,
ಮುಚ್ಚಳದ ಸಂದಿಗೆ ಸೈಕಲ್ ಟ್ಯೂಬು.
ಕಂಬದ ಬುಡದ ಸೆನ್ಸರು
ನಮ್ಮ ಕಿವಿಗೆ ಕೇಳದ ಹಾಗೆ ಕೂಗಿ
ನೀರು ಓಗೊಟ್ಟ ಹೊತ್ತನ್ನು ಎಣಿಸಿ
ಮೋಟಾರಿಗೆ ಹೇಳುತ್ತದೆ:
ರೆಕ್ಕೆಯಂಚು ಎತ್ತು. ಇಳಿಸು. ಎತ್ತು.

ನಿನ್ನೆ ಒಂಬತ್ತು ಸಲ ಮೂಗು ಕುಟ್ಟಿತು.
ನೊರೆಯನ್ನು ನೀರೆಂದು ನಂಬಿತ್ತು.
ನಂಬದಿರಲೆಂದು ಇಪ್ಪತ್ತು ಅಳತೆಗಳ ಸರಾಸರಿ ಹಾಕಿದೆ;
ದಾಟಿಹೋದ ಅಲೆಗೆ ಆಮೇಲೆ ಜಿಗಿಯತೊಡಗಿತು,
ಎಲ್ಲರೂ ನಕ್ಕು ಮುಗಿದ ಮೇಲೆ ನಗುವ
ಐಸ್ ಪ್ಲಾಂಟಿನ ಅದ್ದುಚ್ಚನ ಹಾಗೆ.

ಹಲಗೆ ಕೂಡಿಸಿಕೊಟ್ಟ ದೂಮಪ್ಪ ಮರಕಾಲರು
ಬೀಡಿ ನಂದಿಸಿ ಬಂದರು. ಲೆಕ್ಕ ಗಿಕ್ಕ ಕೇಳಲಿಲ್ಲ.
"ಕಣ್ಣನ್ನು ಸೊಂಟಕ್ಕೆ ಕಟ್ಟಿದ್ದೀಯಲ್ಲ ಸಫೂರಾ,
ಎಡವದೆ ಏನು ಮಾಡೀತು?"
ಮೂತಿಯಿಂದಾಚೆಗೆ ಒಂದು ಬಿದಿರು ಚಾಚಿ ಬಿಗಿದರು,
ಮೊಳ, ಮೇಲೊಂದು ಗೇಣು.
ತುದಿಗೆ ಸೆನ್ಸರು. ಇಪ್ಪತ್ತನ್ನು ನಾನು ಆರಕ್ಕಿಳಿಸಿದೆ.

ಗಾಳಿ ತಿರುಗಿತು. ಹಾಯಿ ಹೊಟ್ಟೆ ತುಂಬಿಕೊಂಡಿತು.
ಆಮೇಲೆ ಸಪ್ಪಳ ನಿಂತಿತು.
ಹಲಗೆಗೆ ನೀರು ಬಡಿಯುವ, ಹುಟ್ಟಿದಂದಿನಿಂದ
ಕೇಳಿ ಕೇಳಿ ಕೇಳದಂತಾಗಿದ್ದ ಆ ಸಪ್ಪಳ.
ದೂಮಪ್ಪರು ಬಗ್ಗಿ ನೋಡಿದರು:
ದೋಣಿಯ ನೆರಳು ದೋಣಿಯಿಂದ ಕಳಚಿ
ಕೆಳಗೆ ಬೇರೆಯೇ ಓಡುತ್ತಿದೆ.

ಹನ್ನೊಂದು ಸೆಕೆಂಡು.
ಮತ್ತೆ ದಬ್ಬೆಂದು ಬಿದ್ದೆವು, ಬಾಯ್ತುಂಬ ಉಪ್ಪು.

ಬಿದಿರು ಇನ್ನೂ ಅದುರುತ್ತಿತ್ತು.
ಆ ಅದುರನ್ನೂ ಡಬ್ಬಿ ಅಲೆಯೆಂದೇ ಓದಿರಬೇಕು.