ಬಾವಿಯದು ಬಾವಿಗೆ

ಹೆಸರಲ್ಲಷ್ಟೇ ಸಾಗರ. ಧೃತಿಸಾಗರ ಮಹಾರಾಜರು
ಕಡಲು ಕಂಡವರಲ್ಲ.
ಕಾಲು ನಿಂತಲ್ಲಿಗೆ ಅವರ ಭೂಪಟ ಮುಗಿಯುತ್ತಿತ್ತು:
ಚಿಕ್ಕೋಡಿ, ನಿಪ್ಪಾಣಿ, ದೂಧಗಂಗೆಯ ಆಚೆ ದಂಡೆ.
ಮಳೆಗಾಲದ ನಾಲ್ಕು ತಿಂಗಳು ಒಂದೇ ಊರು,
ಹುಲ್ಲಿನಡಿಯ ಹುಳುವಿಗೆ ದಾರಿ ಬಿಟ್ಟು.

ನಾನು ಇಲ್ಲಿ, ಬರ್ಕಾದಲ್ಲಿ,
ಕಡಲನ್ನು ಕುಡಿಯುವ ನೀರು ಮಾಡುವ ಕಾರ್ಖಾನೆಯಲ್ಲಿ
ರಾತ್ರಿ ಪಾಳಿಯವನು.

ವೀಸಾ ಬಂದ ವಾರ ಕಾಲಿಗೆರಗಲು ಹೋಗಿದ್ದೆ.
ಪಿಂಛಿ ಎತ್ತಿ ಹರಸಿದರು. "ಏನ್ ಕೆಲಸ?"
"ನೀರು ಸೋಸೂದು, ಮಹಾರಾಜ."
ನಕ್ಕರು. ಮೂರೇ ಹಲ್ಲು.
"ಅದು ನಿಮ್ಮಜ್ಜಿ ಕೆಲಸ."
ಆಮೇಲೆ ನಗು ಬಿಟ್ಟು:
"ಸೋಸೂದು ಅರ್ಧಾ ಧರ್ಮ.
ಅರಿವ್ಯಾಗ ಉಳದದ್ದು ಏನ್ ಮಾಡ್ತಿ?"

ಅಜ್ಜಿ ಅರಿವೆ ಮಗುಚಿ, ಸೋಸಿದ ನೀರನ್ನೇ ಮೇಲೆ ಹೊಯ್ದು,
ಕಣ್ಣಿಗೆ ಕಾಣದವರನ್ನು ಬಾವಿಗೆ ಇಳಿಸುತ್ತಿದ್ದಳು.
ಎಸೆಯುತ್ತಿರಲಿಲ್ಲ. ಇಳಿಸುತ್ತಿದ್ದಳು,
ಕೊಡದ ತಳ ನೀರು ಮುಟ್ಟುವ ತನಕ ಹಗ್ಗ ಬಿಟ್ಟು.
ಬಾವಿಯದು ಬಾವಿಗೆ.

ಇಲ್ಲಿಯ ಅರಿವೆ ಬೇರೆ, ಉಪ್ಪನ್ನೂ ಬಿಡದು.
ಅದಕ್ಕೂ ಮೊದಲು ಕಬ್ಬಿಣದ ಜಾಲರಿ:
ಲೋಳೆಮೀನು, ಏಡಿಮರಿ, ನನಗೆ ಹೆಸರು ಬಾರದ ಬೆರಳುದ್ದದ ಬೆಳ್ಳಿ
ತೊಟ್ಟಿಗೆ ಬಿದ್ದು, ತೊಟ್ಟಿಯಿಂದ ಲಾರಿಗೆ, ಲಾರಿಯಿಂದ ಮರಳಿಗೆ.
ಮೊದಲ ವರ್ಷ ನೋಡಿದೆ. ಸಂಬಳ ಎಣಿಸಿದೆ.
ಎರಡನೇ ವರ್ಷ ಒಂದು ಬಕೆಟ್ ಕೊಂಡೆ.

"ಎಷ್ಟು ಉಳಿಸ್ತೀ?" ಖಲ್ಫಾನ್ ಕೇಳಿದ.
"ಬಕೆಟ್ಟಿನಷ್ಟು."
ಅವನು ಸಿಗರೇಟು ಹೊಸಕಿ, ಹಿಡಿಯ ಆಚೆ ಬದಿ ಹಿಡಿದ.

ರಂಜಾನಿನಲ್ಲಿ ಬಾಂಗಿಗೆ ಮುಂಚೆ ನಾನು ಡಬ್ಬಿ ಮುಚ್ಚುತ್ತೇನೆ,
ಬಾಂಗಾದ ಮೇಲೆ ಅವನು ತೆರೆಯುತ್ತಾನೆ.
ನನ್ನ ನಾಳೆಗೆಂದು ಒಂದು ಖರ್ಜೂರ ಎತ್ತಿಡುತ್ತಾನೆ,
ಹುಳ ಇಲ್ಲವೆಂದು ಬಿಡಿಸಿ ನೋಡಿ.

ನಿನ್ನೆ ಅಕ್ಕನ ಫೋನು.
ಅನ್ನ ಬಿಟ್ಟು ಇಪ್ಪತ್ತು ದಿನ, ಮಜ್ಜಿಗೆ ಬಿಟ್ಟು ಒಂಬತ್ತು,
ಇವತ್ತು ಬೆಳಿಗ್ಗೆ ನೀರನ್ನೂ ಬಿಟ್ಟರಂತೆ.
ನಾನು ಮಾತಾಡಲಿಲ್ಲ. ಎದುರಿನ ಮೀಟರಿನಲ್ಲಿ
ಸಾವಿರ ಗ್ಯಾಲನ್ನುಗಳ ಅಂಕಿ ತಿರುಗುತ್ತಲೇ ಇತ್ತು.

ರಜೆ ಕೇಳಿದೆ. ಗುರುವಾರದ ನಂತರ, ಎಂದರು.
ಗುರುವಾರ ಇಷ್ಟು ದೂರವೆಂದು ಗೊತ್ತಿರಲಿಲ್ಲ.

ನಸುಕಿನಲ್ಲಿ ಬಕೆಟ್ ಹಿಡಿದು ಪಾಚಿಗಲ್ಲುಗಳ ಮೇಲೆ ಇಳಿದೆ.
ಕಡಲು ಅಂಚು ಮುಟ್ಟುವ ತನಕ ಬಗ್ಗಿದೆ.
ಎಲ್ಲ ಹೋದವು. ಒಂದು ಏಡಿಮರಿ ಮಾತ್ರ
ತಳಕ್ಕಂಟಿ, ಹೊರಡಲೊಲ್ಲದು.
ಕಾದೆ.
ಪಾಳಿ ಬಸ್ಸು ಹಾರ್ನ್ ಹೊಡೆಯಿತು,
ಇನ್ನೊಮ್ಮೆ ಹೊಡೆಯಿತು.